ಮೂರು ಸಂಜೆ ಪಬ್‌ನಲ್ಲಿ ಬರೀ ವೆಜ್: ಒಬ್ಬ ಪಕ್ಕಾ ನಾನ್‌ವೆಜ್‌ನವನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನಾನು ಪಕ್ಕಾ ನಾನ್‌ವೆಜ್. ಮೂಳೆ ಚೀಪ್ದೆ ತಟ್ಟೆ ಬಿಟ್ಟು ಏಳೋನಲ್ಲ. ಮನೆ ಹತ್ರದ ಈ ಪಬ್‌ಗೆ ಐದಾರು ವರ್ಷದಿಂದ ಹೋಗ್ತಿದೀನಿ, ನಾನು ಕೂತ್ರೆ ವೆಯ್ಟರ್ ಏನು ಬೇಕು ಅಂತ ಕೇಳೋದೂ ಇಲ್ಲ, ಮೊದ್ಲು ವಿಂಗ್ಸ್ ಆಮೇಲೆ ಬರ್ಗರ್ ತಂದಿಡ್ತಾರೆ. ಮೆನು ಕಾರ್ಡಿನ ಹಿಂದ್ಗಡೆ ವೆಜ್ ಅಂತ ಒಂದು ಪುಟ ಇದೆ, ಆದ್ರೆ ನನ್ನ ಪಾಲಿಗೆ ಅದು ಲೆಕ್ಕಕ್ಕುಂಟು ಆಟಕ್ಕಿಲ್ಲ.

ನನ್ನ ಜೊತೆ ಯಾವಾಗ್ಲೂ ಬರೋ ಗೆಳೆಯ ಹೋದ ವರ್ಷ ಮಾಂಸ ಬಿಟ್ಟ. ಯಾಕೆ ಅಂತ ನಾನು ಕೆದಕೋಕೆ ಹೋಗ್ಲಿಲ್ಲ, ಅದು ಅವನ ವಿಷಯ. ಆದ್ರೆ ಆವತ್ತಿಂದ ಅವನು ಪಬ್‌ಗೆ ಬಂದ್ರೆ ಒಂದು ಪ್ಲೇಟ್ ಫ್ರೈಸು, ಒಂದು ಬಟ್ಲು ಕಡ್ಲೆಬೀಜ, ಅಷ್ಟರಲ್ಲೇ ಸಂಜೆ ಮುಗಿಸ್ತಿದ್ದ. ಹೋದ ತಿಂಗಳು ಒಂದಿನ ನಾನು ಎರಡನೇ ಬರ್ಗರ್ ಹೇಳ್ತಿರೋವಾಗ "ಮಗಾ, ನಾನು ಹೊರಡ್ತೀನಿ ಕಣೋ, ಮನೆಗೋಗಿ ಊಟ ಮಾಡ್ಬೇಕು, ಹಸಿವಾಗ್ತಿದೆ" ಅಂದ. ಎರಡು ಗಂಟೆ ನನ್ನ ಎದುರಿಗೇ ಹಸ್ಕೊಂಡು ಕೂತಿದ್ನಲ್ಲ, ನಾನು ಒಂದು ಸಲನೂ ಗಮನಿಸ್ಲಿಲ್ವಲ್ಲ ಅಂತ ಕರುಳು ಚುರುಕ್ ಅಂತು. ಅಲ್ಲೇ ಹೇಳ್ದೆ, ಮುಂದಿನ ಮೂರು ಸಲ ಇಬ್ರೂ ಆ ಹಿಂದಿನ ಪುಟದ್ದೇ ತಿನ್ನೋಣ, ಒಂದೂ ಬಿಡೋದು ಬೇಡ ಅಂತ. ಈ ರಿವ್ಯೂ ಆ ಮೂರು ಸಂಜೆದು.

ಮೊದಲ್ನೇ ದಿನ ಶುರು ಮಾಡಿದ್ದು ಮಾಂಸದ ಥರಾನೇ ಇರುತ್ತೆ ಅಂತಾರಲ್ಲ, ಆ ಪ್ಲಾಂಟ್ ಬೇಸ್ಡ್ ಬರ್ಗರ್‌ನಿಂದ. ಬಟಾಣಿ ಪ್ರೋಟೀನು, ತೆಂಗಿನ ಎಣ್ಣೆ, ಬಣ್ಣಕ್ಕೆ ಬೀಟ್‌ರೂಟು ಹಾಕಿ ಮಾಡೋ ಪ್ಯಾಟಿ. ಮೊದಲ್ನೇ ತುತ್ತು ನಿಜವಾಗ್ಲೂ ಚೆನ್ನಾಗಿತ್ತು, ಮೇಲ್ಗಡೆ ಗರಿಗರಿ, ಒಳಗೆ ರಸ, ನನಗೇ ಆಶ್ಚರ್ಯ ಆಯ್ತು. ಅರ್ಧ ತಿಂದು ಮಾತಾಡ್ತಾ ಕೂತ್ವಿ, ಹತ್ತು ನಿಮಿಷ ಬಿಟ್ಟು ಉಳಿದರ್ಧ ಕೈಗೆತ್ಕೊಂಡ್ರೆ ಅದು ಬೇರೆ ಪದಾರ್ಥಾನೇ ಆಗೋಗಿತ್ತು, ಮೆತ್ತಗೆ, ಬೆರಳಲ್ಲಿ ಒತ್ತಿದ್ರೆ ಪೇಸ್ಟು. ಇದಕ್ಕೆ ಕಾರಣ ಇದೆ. ಇಂಥ ಪ್ಯಾಟಿಗಳಲ್ಲಿ ಸಾಮಾನ್ಯವಾಗಿ ಮೀಥೈಲ್ ಸೆಲ್ಯುಲೋಸ್ ಅಂತ ಒಂದು ಅಂಟು ಹಾಕ್ತಾರೆ, ಅದು ಉಲ್ಟಾ ಸ್ವಭಾವದ್ದು, ಬಿಸಿ ಇದ್ದಾಗ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ, ಆರಿದ್ರೆ ಸಡಿಲ ಆಗುತ್ತೆ. ಹಾಗಾಗಿ ತಗೊಂಡ್ರೆ ಮಾತು ಆಮೇಲೆ ಇಟ್ಕೊಳ್ಳಿ, ಬಂದ ತಕ್ಷಣ ತಿಂದು ಮುಗಿಸ್ಬಿಡಿ. ಐದಕ್ಕೆ ಮೂರು.

ಬೀನ್ಸ್ ಬರ್ಗರ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಬಾಯಿ ತುಂಬಾ ಹಿಟ್ಟು ಹಿಟ್ಟು, ಒಂದು ಕಡೆ ಕಚ್ಚಿದ್ರೆ ಇನ್ನೊಂದು ಕಡೆಯಿಂದ ಜಾರಿ ತಟ್ಟೆಗೆ ಬಿತ್ತು. ಬೇಯಿಸಿದ ಕಾಳನ್ನ ಅರೆಯೋಕೆ ಮುಂಚೆ ಓವನ್‌ನಲ್ಲಿ ಸ್ವಲ್ಪ ಒಣಗಿಸ್ಕೊಂಡ್ರೆ ಇಷ್ಟು ಪಿಚಪಿಚ ಆಗಲ್ಲ. ಕಾಟಾಚಾರಕ್ಕೆ ಮಾಡಿದ್ದು ಅನ್ನೋದು ತಿನ್ನೋರಿಗೆ ಗೊತ್ತಾಗುತ್ತೆ. ಸಲಾಡು, ನಾಚೋಸು ಎಲ್ಲ ಕಡೆ ಇರೋ ಹಾಗೇ ಇದ್ವು.

ಈಗ ಮಶ್ರೂಮ್. ಈ ರಿವ್ಯೂ ಬರೀತಿರೋದೇ ಇದಕ್ಕೋಸ್ಕರ.

ನಾನು ಅಣಬೆ ಅಂದ್ರೆ ಮುಖ ತಿರುಗಿಸ್ತಿದ್ದೋನು. ತಿಂದಿದ್ದೆಲ್ಲ ನೀರು ನೀರು, ಜಾರೋ ಅಂಥದ್ದು. ಇಲ್ಲಿ ಬಂದಿದ್ದು ದಪ್ಪ ಕಾಂಡ ಇರುತ್ತಲ್ಲ ಕಿಂಗ್ ಆಯ್‌ಸ್ಟರ್ ಮಶ್ರೂಮ್, ಅದನ್ನ ಉದ್ದಕ್ಕೆ ಎರಡು ಸೀಳು ಮಾಡಿ, ಮೈಮೇಲೆ ಚಾಕುವಿನಲ್ಲಿ ಅಡ್ಡಡ್ಡ ಗೀರು ಹಾಕಿ, ಕಬ್ಬಿಣದ ಬಾಣಲೆ ಸಮೇತ ಟೇಬಲ್‌ಗೆ ತಂದ್ರು. ಇನ್ನೂ ಚುಯ್ ಅಂತಿತ್ತು. ಗೀರಿನ ಅಂಚೆಲ್ಲ ಕಡು ಕಂದು, ಗೀರಿನ ಒಳಗೆ ಬೆಣ್ಣೆ ನಿಂತಿತ್ತು, ಪಕ್ಕದಲ್ಲಿ ಕಪ್ಪು ಬಿಯರ್ ಹಾಕಿ ಮಾಡಿದ ಈರುಳ್ಳಿ ಗ್ರೇವಿ. ಫೋರ್ಕು ಚುಚ್ಚಿ ಎಳೆದ್ರೆ ಎಳೆ ಎಳೆಯಾಗಿ ಬಿಟ್ಕೊಳ್ತು. ಅಗಿದೆ. ಹಲ್ಲಿಗೆ ಸಿಕ್ತು. ವೆಜ್ ತಿನ್ನೋವಾಗ ನನಗೆ ಯಾವತ್ತೂ ಸಿಗದೇ ಇದ್ದಿದ್ದು ಅದೇ, ಹಲ್ಲಿಗೆ ಕೆಲಸ.

ಹೇಗೆ ಮಾಡಿದ್ರಿ ಅಂತ ಕೇಳ್ದಾಗ ಅಡುಗೆಯವ್ರು ಹೊರಗೇ ಬಂದು ಖುಷಿಯಿಂದ ಹೇಳಿದ್ರು. "ಸಾರ್, ಮೊದ್ಲು ಎಣ್ಣೆನೇ ಹಾಕಲ್ಲ. ಒಣ ಬಾಣಲೆ, ಮೇಲೆ ಇನ್ನೊಂದು ಭಾರದ ಬಾಣಲೆ ಇಟ್ಟು ಒತ್ತೋದು, ನೀರೆಲ್ಲ ಹೋಗ್ಬೇಕು, ಬೆಣ್ಣೆ ಕೊನೇಲಿ." ಇಷ್ಟೇ ವಿಷಯ, ಆದ್ರೆ ಎಷ್ಟು ಕಡೆ ಇದನ್ನ ಮಾಡಲ್ಲ! ಅಣಬೆಲಿ ನೂರಕ್ಕೆ 90ರಷ್ಟು ನೀರೇ, ಬಾಣಲೆ ತುಂಬಾ ಸುರಿದ್ರೆ ಅದರ ನೀರಲ್ಲೇ ಅದು ಬೇಯುತ್ತೆ. ನೀರು ಇರೋ ತನಕ ಬಿಸಿ 100 ಡಿಗ್ರಿ ದಾಟಲ್ಲ, ಆ ಕಂದು ಬಣ್ಣ, ಸುಟ್ಟ ಪರಿಮಳ ಚೆನ್ನಾಗಿ ಬರೋಕೆ ಸುಮಾರು 140 ಡಿಗ್ರಿ ಬೇಕು. 1912ರಲ್ಲಿ ಮೈಯಾರ್ ಅನ್ನೋ ಫ್ರೆಂಚ್ ವಿಜ್ಞಾನಿ ಬರೆದಿಟ್ಟ ಕ್ರಿಯೆ ಇದು, ಚೆನ್ನಾಗಿ ಹುರಿದ ಮಾಂಸದ ಮೇಲಿನ ಆ ಪದರದಲ್ಲೂ ನಡೆಯೋದು ಇದೇ. ನಾನು ಇಷ್ಟು ವರ್ಷ ಮಾಂಸದ ರುಚಿ ಮಾಂಸದ ರುಚಿ ಅಂತಿದ್ದುದ್ರಲ್ಲಿ ಅರ್ಧ ಬಾಣಲೆ ರುಚಿ ಅಂತ ಆವತ್ತು ಗೊತ್ತಾಯ್ತು.

ಇನ್ನೊಂದು, ಮಾಂಸನ ಜಾಸ್ತಿ ಹೊತ್ತು ಬೇಯಿಸಿದ್ರೆ ಬಿರುಸಾಗುತ್ತೆ, ತರಕಾರಿ ಕರಗಿ ಹೋಗುತ್ತೆ, ಅಣಬೆ ಎರಡೂ ಆಗಲ್ಲ. ಅದರ ಜೀವಕೋಶದ ಗೋಡೆಲಿ ಕೈಟಿನ್ ಇರುತ್ತೆ, ಏಡಿ ಸೀಗಡಿ ಚಿಪ್ಪಲ್ಲಿರೋ ಅದೇ ವಸ್ತು, ಅದು ಬೆಂಕಿಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ. ಆಮೇಲೆ ಉಮಾಮಿ ಅಂತಾರಲ್ಲ, ಮಾಂಸದ ಸಾರಲ್ಲಿ ಸಿಗೋ ಆ ತುಂಬು ರುಚಿ, 1908ರಲ್ಲಿ ಜಪಾನಿನ ಇಕೆಡಾ ಅನ್ನೋರು ಅದಕ್ಕೆ ಕಾರಣವಾದ ಗ್ಲುಟಮೇಟ್ ಅನ್ನೋ ವಸ್ತುನ ಕಡಲಪಾಚಿಯಿಂದ ಬೇರೆ ಮಾಡಿ ಆ ರುಚಿಗೆ ಹೆಸರಿಟ್ರು, ಅದು ಅಣಬೆಲೂ ಇದೆ. ಗ್ರೇವಿಗೆ ಒಣ ಅಣಬೆ ಪುಡಿ, ಸೋಯಾ ಸಾಸು ಹಾಕಿದ್ರಂತೆ. ಬ್ರೆಡ್ಡಿನ ಚೂರಲ್ಲಿ ಬಾಣಲೆ ಒರೆಸ್ಕೊಂಡು ತಿಂದ್ವಿ.

ಆದ್ರೆ ಹೊಟ್ಟೆ? ಅಣಬೆಲಿ ಪ್ರೋಟೀನ್ ಕಮ್ಮಿ, ನೂರು ಗ್ರಾಂಗೆ ಮೂರು ಗ್ರಾಂ ಆಸುಪಾಸು, ಬೆಂದ ಚಿಕನ್ ಎದೆಭಾಗದಲ್ಲಿ 30 ದಾಟುತ್ತೆ. ಮೊದಲ್ನೇ ಸಲ ಬರೀ ಮಶ್ರೂಮ್ ತಿಂದು ಮನೆಗೋದ್ರೆ ರಾತ್ರಿ ಮತ್ತೆ ಹಸಿವು. ಎರಡನೇ ಸಲ ಬಿಳಿ ಬೀನ್ಸ್ ಮ್ಯಾಶ್ ಜೊತೆಗೆ ಹೇಳಿದ್ವಿ, ಬೆಳ್ಳುಳ್ಳಿ ಹಾಕಿ ನುಣ್ಣಗೆ ಮಾಡಿರ್ತಾರೆ, ಆಗ ಪೂರ್ತಿ ಊಟ ಆಯ್ತು. ಇದನ್ನ ಬೇರೆ ಸೈಡ್ ಡಿಶ್ ಅಂತ ಇಡೋ ಬದ್ಲು ಜೊತೆಲೇ ಕೊಡ್ಬೇಕು.

ಈಗ ಬೇಜಾರಾಗಿದ್ದು. ಬಿಯರ್ ಹಿಟ್ಟಲ್ಲಿ ಅದ್ದಿ ಕರಿದ ಹೂಕೋಸು, ರುಚಿಲಿ ಮಶ್ರೂಮ್ ಆದ್ಮೇಲೆ ಎರಡನೇ ಜಾಗ. ಬಿಯರ್‌ನಲ್ಲಿರೋ ಗ್ಯಾಸು ಹಿಟ್ಟನ್ನ ಹಗುರ ಮಾಡುತ್ತೆ, ಆಲ್ಕೋಹಾಲು ಬೇಗ ಆವಿಯಾಗೋದ್ರಿಂದ ಮೇಲ್ಪದರ ಗಾಜಿನ ಹಾಗೆ ಪಟಪಟ ಒಡೆಯುತ್ತೆ. ಮೆನುಲಿ ಅದರ ಮುಂದೆ ಹಸಿರು ಎಲೆ ಗುರ್ತು. ಗೆಳೆಯ ಇನ್ನೇನು ಬಾಯಿಗಿಡ್ಬೇಕು, ನನಗೆ ಯಾಕೋ ಅನುಮಾನ ಬಂದು ಎಣ್ಣೆ ಬೇರೆ ತಾನೆ ಅಂತ ಕೇಳ್ದೆ. ವೆಯ್ಟರ್ ಒಳಗೋಗಿ ಕೇಳ್ಕೊಂಡು ಬಂದು, ದನಿ ತಗ್ಗಿಸಿ "ಸಾರ್, ಫ್ರೈಯರ್ ಒಂದೇ ಇರೋದು, ವಿಂಗ್ಸೂ ಅದ್ರಲ್ಲೇ" ಅಂದ್ರು. ಗೆಳೆಯ ಏನೂ ಮಾತಾಡ್ಲಿಲ್ಲ, ತಟ್ಟೆನ ನನ್ನ ಕಡೆ ತಳ್ಳಿ ಕೈ ಒರೆಸ್ಕೊಂಡ. ಆಮೇಲೆ ನಿಧಾನಕ್ಕೆ, "ಹಂಗಾದ್ರೆ ಫ್ರೈಸ್?" ಅಂತ ಕೇಳ್ದ. ಅದೂ ಅದೇ ಎಣ್ಣೆ. ಒಂದು ವರ್ಷ ಅವನು ಅಲ್ಲಿ ತಿಂದಿದ್ದೇ ಅದು. ಅವನ ಮುಖ ನೋಡೋಕಾಗ್ಲಿಲ್ಲ ನನಗೆ.

ಕೇಳಿದ ತಕ್ಷಣ ನಿಜ ಹೇಳಿದ ವೆಯ್ಟರ್ ಮೇಲೆ ನನಗೆ ಗೌರವಾನೇ ಇದೆ. ತಪ್ಪು ಮೆನು ಮಾಡಿದವ್ರದ್ದು. ಎಲೆ ಗುರ್ತು ಅಂದ್ರೆ ಒಂದು ಮಾತು ಕೊಟ್ಟ ಹಾಗೆ, ಅದನ್ನ ನಂಬ್ಕೊಂಡು ತಿನ್ನೋರಿದ್ದಾರೆ. ಮ್ಯಾನೇಜರ್‌ನ ಕರೆಸಿ ಹೇಳ್ದೆ, ಇನ್ನೊಂದು ಫ್ರೈಯರ್ ಇಡಿ, ಆಗಲ್ಲ ಅಂದ್ರೆ ಗುರ್ತು ತೆಗೀರಿ ಅಂತ. ಅದೇ ನೆಪದಲ್ಲಿ ಉಳಿದಿದ್ದೆಲ್ಲ ಕೇಳಿದ್ವಿ. ಪಾಸ್ತಾ ಮೇಲೆ ತುರಿಯೋದು ಅಸಲಿ ಪಾರ್ಮೆಸಾನ್ ಚೀಸು, ಅದನ್ನ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸೋ ರೆನೆಟ್ ಹಾಕೇ ಮಾಡೋದು, ಹಾಗಾಗಿ ಅದೂ ವೆಜ್ ಅಲ್ಲ. ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತೆ, ಮಶ್ರೂಮ್ ಗ್ರೇವಿಗೆ ಅದನ್ನ ಹಾಕಿರ್ಲಿಲ್ಲ, ಪುಣ್ಯ. ಕೆಲವು ಬಿಯರ್‌ಗಳನ್ನೇ ತಿಳಿ ಮಾಡೋಕೆ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಹಾಕ್ತಾರೆ ಅನ್ನೋದು ಗೆಳೆಯನಿಗೆ ಗೊತ್ತಿತ್ತು, ನನಗೆ ಗೊತ್ತಿರ್ಲಿಲ್ಲ. ಮಾಂಸ ತಿನ್ನೋರು ಈ ಪ್ರಶ್ನೆಗಳನ್ನ ಯಾವತ್ತೂ ಕೇಳ್ಬೇಕಾಗಿ ಬರಲ್ಲ, ಅವನು ಪ್ರತಿ ಸಲ ಕೇಳ್ಬೇಕು.

ಮೂರನೇ ಸಂಜೆ ಹೋದಾಗ ನಮ್ಮ ಟೇಬಲ್ಲಿನ ಮೆನು ಕಾರ್ಡಲ್ಲಿ ಹೂಕೋಸು, ಫ್ರೈಸು ಎರಡರ ಎಲೆ ಗುರ್ತನ್ನೂ ಬಾಲ್‌ಪೆನ್ನಲ್ಲಿ ಹೊಡೆದು ಹಾಕಿದ್ರು. ಪಕ್ಕದ ಟೇಬಲ್ಲಿನದನ್ನೂ ತಗೊಂಡು ನೋಡ್ದೆ, ಅದ್ರಲ್ಲೂ ಹೊಡೆದಿತ್ತು. ಹೊಸ ಫ್ರೈಯರ್ ಇನ್ನೂ ಬಂದಿಲ್ಲ. ಬಂದ್ರೆ ಈ ರಿವ್ಯೂ ಬದಲಾಯಿಸ್ತೀನಿ, ಸದ್ಯಕ್ಕೆ ವೆಜ್ ಪುಟಕ್ಕೆ ಮೂರೂವರೆ, ಮಶ್ರೂಮ್ ಒಂದಕ್ಕೇ ಆದ್ರೆ ಐದಕ್ಕೆ ಐದು.

ವಿಂಗ್ಸ್ ನಾನು ಬಿಟ್ಟಿಲ್ಲ, ಬಿಡೋದೂ ಇಲ್ಲ, ಬಾಯಲ್ಲಿ ಕರಗೋ ಕೊಬ್ಬು, ಮೂಳೆ ಹತ್ರದ ಆ ತುಣುಕು, ಅದಕ್ಕೆ ಅಣಬೆಲಿ ಜವಾಬಿಲ್ಲ. ಆದ್ರೆ ಮೊನ್ನೆ ಆ ಬಾಣಲೆ ಎರಡು ಹೇಳಿದ್ವಿ, ಆಮೇಲೆ ಮೂರನೇದೂ ಹೇಳಿದ್ವಿ, ಗೆಳೆಯ ಮನೆಗೋಗಿ ಊಟ ಮಾಡೋ ಮಾತೇ ಎತ್ತಲಿಲ್ಲ. ಹೋಗೋರು ಸ್ವಲ್ಪ ಬೇಗ ಹೋಗಿ, ದಿನಕ್ಕೆ ಇಷ್ಟೇ ಅಂತ ತರಿಸ್ತಾರೆ, ನಾವು ಏಳೋ ಹೊತ್ತಿಗೆ ಪಕ್ಕದ ಟೇಬಲ್‌ನವ್ರಿಗೆ ಖಾಲಿ ಅಂತ ಹೇಳ್ತಿದ್ರು.