ಮಾಣಿಕ್ಯ ಅಸಲಿ ಅಂದರು, ಒಳಗೆ ಗಾಜು ತುಂಬಿದ್ದು ಹೇಳಲಿಲ್ಲ

ಮನೆಯಲ್ಲಿ ಬೆಳ್ಳಿ ಒಡವೆ ಮಾಡುವವರು, ಅದಕ್ಕೆ ಕೆಂಪು ಕಲ್ಲು ಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ದುಡ್ಡು ಹೋಯಿತು, ಅದು ಹೋಗಲಿ. ನನ್ನನ್ನು ನಂಬಿ ಒಡವೆ ಮಾಡಿಸಿಕೊಂಡವರ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ, ಆ ಸಂಕಟ ಇನ್ನೂ ಹೋಗಿಲ್ಲ.

ನಾನು ಸಾಗರದವಳು. ಐದು ವರ್ಷದಿಂದ ಓಲೆ, ಪದಕ, ಉಂಗುರ ಮಾಡುತ್ತಿದ್ದೇನೆ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಶಿವಮೊಗ್ಗದ ಒಂದು ಮಾರಾಟ ಮೇಳಕ್ಕೆ ಹೋಗಿದ್ದೆ. ಅಲ್ಲಿ ಒಬ್ಬರ ಹತ್ತಿರ ಮಾಣಿಕ್ಯ ನೋಡಿದೆ. ದಾಳಿಂಬೆ ಕಾಳಿನ ಬಣ್ಣ, ಒಂದೊಂದೂ ಮೂರು ನಾಲ್ಕು ಕ್ಯಾರೆಟ್, ಕಣ್ಣಿಗೆ ಒಂದು ಕಲೆಯೂ ಕಾಣಲಿಲ್ಲ. ಕ್ಯಾರೆಟ್‌ಗೆ 350 ರೂಪಾಯಿ ಅಂದರು. ಅಷ್ಟು ದೊಡ್ಡ, ಅಷ್ಟು ಸ್ವಚ್ಛ ಮಾಣಿಕ್ಯ ಆ ಬೆಲೆಗೆ ಸಿಗುವುದೇ ಇಲ್ಲ, ಅಲ್ಲೇ ಅನುಮಾನ ಬರಬೇಕಿತ್ತು. "ಅಸಲಿನಾ?" ಅಂತ ಕೇಳಿದೆ. "ನೂರಕ್ಕೆ ನೂರು ಅಸಲಿ, ಗಣಿಯಿಂದ ಬಂದದ್ದು" ಅಂದರು. ಗಾಜಿನ ಚೂರಿನ ಮೇಲೆ ಕಲ್ಲು ಉಜ್ಜಿ ತೋರಿಸಿದರು, ಗಾಜಿಗೇ ಗೀರು ಬಿತ್ತು. 'ನ್ಯಾಚುರಲ್ ರೂಬಿ' ಅಂತ ಬರೆದ ಕಾರ್ಡೂ ಕೊಟ್ಟರು. ಆರು ಕಲ್ಲು ತಂದೆ.

ಮೊದಲ ಪದಕ ತೀರ್ಥಹಳ್ಳಿಯ ಒಬ್ಬ ಅಕ್ಕನಿಗೆ ಮಾಡಿಕೊಟ್ಟೆ. ನಮ್ಮ ಕಡೆ ಮಳೆಗಾಲದಲ್ಲಿ ಬೆಳ್ಳಿ ಎಷ್ಟು ಬೇಗ ಕಪ್ಪಾಗುತ್ತದೆ ಗೊತ್ತಲ್ವಾ. ಆಗಸ್ಟ್‌ನಲ್ಲಿ ಫೋನ್ ಮಾಡಿ ಏನು ಮಾಡಲಿ ಅಂದರು. ಲಿಂಬೆರಸದಲ್ಲಿ ನೆನೆಸಿಡಿ ಅಂತ ನಾನೇ ಹೇಳಿದೆ. ಮಾಣಿಕ್ಯದ ಗಡಸುತನ 9, ವಜ್ರದ್ದು 10, ಲಿಂಬೆಹಣ್ಣು ಅದನ್ನೇನು ಮಾಡೀತು ಅನ್ನುವ ಧೈರ್ಯ ನನಗೆ. ಅವರು ರಾತ್ರಿ ಲೋಟದಲ್ಲಿ ಹಾಕಿಟ್ಟು ಮಲಗಿದ್ದಾರೆ. ಬೆಳಿಗ್ಗೆ ಫೋಟೋ ಬಂತು. ಬೆಳ್ಳಿ ಫಳಫಳ ಅನ್ನುತ್ತಿತ್ತು, ಕಲ್ಲಿನ ಮೇಲೆಲ್ಲ ಬಿಳಿ ಗೆರೆ, ಬೇಸಿಗೆಯಲ್ಲಿ ಗದ್ದೆ ಬಿರಿದ ಹಾಗೆ.

ನನಗೆ ನಂಬಿಕೆ ಬರಲಿಲ್ಲ. ಉಳಿದಿದ್ದ ಎರಡು ಕಲ್ಲು ತೆಗೆದೆ. ಒಂದನ್ನು ಬರೀ ನೀರಿಗೆ, ಇನ್ನೊಂದನ್ನು ಲಿಂಬೆರಸಕ್ಕೆ ಹಾಕಿ ಇಟ್ಟೆ. ಬೆಳಿಗ್ಗೆ ನೀರಿನದು ಹಾಗೇ ಇತ್ತು. ಲಿಂಬೆರಸದ್ದರ ಮೇಲೆ ಅದೇ ಬಿಳಿ ಗೆರೆ. ಉಗುರಿನಿಂದ ಸವರಿದರೆ ಗೆರೆ ಇದ್ದ ಕಡೆ ಸಣ್ಣಗೆ ತಡೆಯುತ್ತಿತ್ತು.

ಕಲ್ಲು ತಗೊಂಡು ಊರಿನ ಹಿರಿಯ ಅಕ್ಕಸಾಲಿಗರ ಹತ್ತಿರ ಹೋದೆ. ಅವರು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಅನ್ನುವ ಸಣ್ಣ ಭೂತಗನ್ನಡಿ ಕೊಟ್ಟು, ಕೆಡದೆ ಉಳಿದಿದ್ದ ಕಲ್ಲನ್ನು ದೀಪದ ಕೆಳಗೆ ಮೆಲ್ಲಗೆ ಹೊರಳಿಸು ಅಂದರು. ಹೊರಳಿಸಿದಾಗ ಬಿರುಕಿನ ಜಾಗದಲ್ಲಿ ನೀಲಿ ಮಿಂಚು ಹೊಳೆದು ಮಾಯವಾಯಿತು. ಒಳಗೆ ಚಪ್ಪಟೆ ಗಾಳಿಗುಳ್ಳೆಗಳು. ಇದು ಸೀಸದ ಗಾಜು ತುಂಬಿದ ಮಾಣಿಕ್ಯ ಅಂದರು. 2004ರ ಸುಮಾರಿಗೆ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡ ಮಾಲು. ಬಿರುಕು ಜಾಸ್ತಿ ಇರುವ, ಮಂಕಾದ, ಒಡವೆಗೆ ಬಾರದ ಕಲ್ಲಿಗೆ ಶಾಖ ಕೊಟ್ಟು ಬಿರುಕಿನೊಳಗೆ ಕರಗಿದ ಗಾಜು ಇಳಿಸುತ್ತಾರೆ. ಬಿರುಕು ಕಣ್ಣಿಗೆ ಮುಚ್ಚಿಹೋಗುತ್ತದೆ. ಕಲ್ಲು ಮಾಣಿಕ್ಯವೇ, ಅದಕ್ಕೇ ಗಾಜಿನ ಮೇಲೆ ಗೀರು ಬಿತ್ತು. ಆದರೆ ಹುಳಿ ತಾಗಿದರೆ ಒಳಗಿನ ಗಾಜು ತಿಂದುಹೋಗುತ್ತದೆ. ಹುಣಸೆಹಣ್ಣಿನಲ್ಲಿ ತಿಕ್ಕುವ ನಮ್ಮ ಅಭ್ಯಾಸವೂ ಇದಕ್ಕೆ ಆಗದು. ಕುಸುರಿ ಮಾಡುವವರು ಬೆಸುಗೆ ಆದಮೇಲೆ ಒಡವೆ ಅದ್ದುವ ಆಸಿಡ್ ನೀರಂತೂ ಇನ್ನೂ ಕೆಟ್ಟದ್ದು.

ಬೆಂಕಿಯೂ ಅಷ್ಟೇ. ಅದೇ ಕಲ್ಲಿನ ಒಂದು ಉಂಗುರ ಬಿಗಿಯಾಗಿದೆ ಅಂತ ಕೊಂಡವರು ಬೇರೆ ಕಡೆ ಸರಿ ಮಾಡಿಸಿದ್ದರು. ಬೆಳ್ಳಿ ಬೆಸುಗೆಗೆ 600 ಡಿಗ್ರಿ ದಾಟಿದ ಶಾಖ ಬೇಕು. ಕಲ್ಲು ತೆಗೆಯದೇ ಬಿಸಿ ಮಾಡಿದ್ದಾರೆ. ಮೇಲೆಲ್ಲ ಬೆವರಿನ ಹಾಗೆ ಗಾಜಿನ ಹನಿ ಎದ್ದಿತ್ತು.

ಮಾರಿದವರಿಗೆ ಫೋನ್ ಮಾಡಿದರೆ, "ನೀವು ಅಸಲಿನಾ ಅಂತ ಕೇಳಿದಿರಿ, ನಾವು ಹೌದು ಅಂದೆವು" ಅಂದರು. ದುಡ್ಡು ವಾಪಸ್ ಕೊಡಲಿಲ್ಲ. ಕಾರ್ಡ್ ತಿರುಗಿಸಿ ನೋಡಿದೆ, ಕಾಮೆಂಟ್ಸ್ ಅನ್ನುವ ಕಡೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಗಾಜು ತುಂಬಿದೆ ಅಂತ ಇತ್ತು. ನಾನು ಓದಿರಲಿಲ್ಲ.

ಅದಕ್ಕೇ ಹೇಳುವುದು, ಅಸಲಿನಾ ಅಂತ ಸುಮ್ನೆ ಕೇಳಿ ಬರಬೇಡಿ. ಕಲ್ಲಿಗೆ ಏನೇನು ಮಾಡಿದ್ದೀರಿ ಅಂತ ಕೇಳಿ. ಬರೀ ಶಾಖ ಕೊಟ್ಟಿದ್ದರೆ ಗಾಬರಿ ಬೇಡ, ಮಾರುಕಟ್ಟೆಯ ಹೆಚ್ಚಿನ ಮಾಣಿಕ್ಯಗಳಿಗೆ ಶಾಖ ಕೊಟ್ಟೇ ಇರುತ್ತಾರೆ. ಬಿರುಕಿಗೆ ಗಾಜು ತುಂಬಿದ್ದಾ, ಬಣ್ಣ ಹಾಕಿದ್ದಾ ಅಂತ ಬಿಡಿಸಿ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಎದ್ದು ಬನ್ನಿ. ಒಡವೆಗೆ ಹಾಲ್‌ಮಾರ್ಕ್ ಇದೆಯಲ್ಲ ಅಂತ ಧೈರ್ಯ ಬೇಡ, ಅದು ಚಿನ್ನ ಬೆಳ್ಳಿಯ ಶುದ್ಧತೆಗೆ, ಕಲ್ಲಿಗಲ್ಲ. ಮುತ್ತು, ಹವಳ ಅಸಲಿಯಾದರೂ ಹುಳಿಗೆ ಹಾಕಲೇಬೇಡಿ, ಅವು ಸುಣ್ಣದ ಜಾತಿ, ಕರಗುತ್ತವೆ. ಪಚ್ಚೆಯ ಬಿರುಕಿಗೆ ಎಣ್ಣೆ ಕುಡಿಸಿರುವುದೇ ಹೆಚ್ಚು, ಬಿಸಿ ಸೋಪುನೀರು ತಾಗಿಸಬೇಡಿ.

ಹೋದ ವರ್ಷ ಮಳೆಗಾಲದಿಂದೀಚೆ ನನ್ನಿಂದ ಕೆಂಪು ಕಲ್ಲಿನ ಒಡವೆ ಕೊಂಡವರು ಇನ್ನೂ ಇಬ್ಬರಿದ್ದೀರಿ, ನಿಮ್ಮ ನಂಬರ್ ನನ್ನ ಹತ್ತಿರ ಉಳಿದಿಲ್ಲ. ಅದನ್ನು ಹಾಕಿಕೊಂಡು ಲಿಂಬೆ, ಮಾವಿನಮಿಡಿ ಹೆಚ್ಚಬೇಡಿ, ಯಾರಿಗೂ ಬಿಸಿ ಮಾಡಲು ಕೊಡಬೇಡಿ. ನನ್ನ ಹತ್ತಿರ ತನ್ನಿ. ಕಲ್ಲು ಬದಲಿಸಿ ಕೊಡುತ್ತೇನೆ, ಬೇಡವೆಂದರೆ ದುಡ್ಡು ವಾಪಸ್ ಕೊಡುತ್ತೇನೆ.