ಬೋರ್‌ವೆಲ್ ನೀರು, ಕಪ್ಪು ಕಾರು ಮತ್ತು ಒರೆಸುವ ಮುಂಚಿನ ಸ್ಪ್ರೇ

ಕಾರು ತೊಳೆದ ಮೇಲೆ, ಬಟ್ಟೆಯಿಂದ ಒರೆಸುವ ಮುಂಚೆ ಹೊಡೆಯುವ ಸ್ಪ್ರೇಗಳು ಈಗ ಕಾರ್ ಆ್ಯಕ್ಸೆಸರಿ ಅಂಗಡಿಗಳಲ್ಲೆಲ್ಲ ‘ಡ್ರೈಯಿಂಗ್ ಏಡ್’ ಎಂಬ ಹೆಸರಿನಲ್ಲಿ ಸಿಗುತ್ತವೆ. ಕೊಳ್ಳಬಹುದಾ ಎಂದು ಕೇಳುವವರಿಗೆ ನಾನು ಹೇಳುವುದು: ಕೊಳ್ಳಿ, ಆದರೆ ಅಗ್ಗದ್ದನ್ನು ಕೊಳ್ಳಿ. ಹೊಳಪು ಬರಲಿ ಎಂದಾದರೆ ದುಡ್ಡು ದಂಡ. ಬಟ್ಟೆ ಜಾರಲಿ, ಬಣ್ಣದ ಮೇಲೆ ಗೀರು ಬೀಳದಿರಲಿ ಎಂದಾದರೆ ಕೊಟ್ಟ ಕಾಸಿಗೆ ಮೋಸವಿಲ್ಲ.

ನಮ್ಮದು ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆಯ ಅಪಾರ್ಟ್‌ಮೆಂಟು. ನೀರು ಬೋರ್‌ವೆಲ್‌ನದು, ಬೇಸಿಗೆಯಲ್ಲಿ ಟ್ಯಾಂಕರಿನದು. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ. ನಮ್ಮ ನೀರು ಎರಡನೆಯ ಜಾತಿಯದು. ಗೀಸರ್ ಕಾಯಿಲ್ ನೋಡಿದರೆ ಲ್ಯಾಬ್ ವರದಿಯೇ ಬೇಡ. ಇಂಥ ನೀರಿನ ಹನಿ ಕಾರಿನ ಮೇಲೆ ಆರಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಉಂಗುರವಾಗಿ ಕೂರುತ್ತವೆ. ಕಪ್ಪು ಬಾನೆಟ್ ಮೇಲಾದರೆ ಹತ್ತಡಿ ದೂರದಿಂದ ಕಾಣುತ್ತದೆ.

ಹಾಗಾಗಿ ಬೇಗ ಒರೆಸಬೇಕು. ಬೇಗ ಒರೆಸಲು ಹೋದರೆ ಇನ್ನೊಂದು ತೊಂದರೆ. ಎಷ್ಟೇ ತೊಳೆದರೂ ಒಂದಿಷ್ಟು ಸಣ್ಣ ಧೂಳು ಉಳಿದೇ ಇರುತ್ತದೆ. ಬಟ್ಟೆ ಅದನ್ನು ಎಳೆದುಕೊಂಡು ಹೋಗಿ ಬಿಸಿಲಲ್ಲಿ ಜೇಡರ ಬಲೆಯ ಹಾಗೆ ಕಾಣುವ ಗೀರು ಮೂಡಿಸುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಇರುವುದೇ ಸುಮಾರು 40–50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಪಾಲಿಶ್ ಮಾಡಿಸಿದಾಗೆಲ್ಲ ಅದರಲ್ಲೇ ಒಂದಷ್ಟು ಸವೆಯುತ್ತದೆ. ಸ್ಪ್ರೇಯ ನಿಜವಾದ ಕೆಲಸ ಇಲ್ಲಿ. ಒದ್ದೆ ಬಾನೆಟ್ಟಿಗೆ ಎರಡು ಸಲ ಹೊಡೆದು ಮೈಕ್ರೋಫೈಬರ್ ಟವೆಲ್ ಹಾಸಿ ನಿಧಾನ ಎಳೆದರೆ ಟವೆಲ್ ಎಲ್ಲೂ ಕಚ್ಚಿಕೊಳ್ಳದೆ ಬರುತ್ತದೆ. ಸ್ಪ್ರೇ ಇಲ್ಲದೆ ಒಮ್ಮೆ, ಇದ್ದು ಒಮ್ಮೆ ಎಳೆದು ನೋಡಿ, ಕೈಗೇ ಗೊತ್ತಾಗುತ್ತದೆ.

ನಾನು ಬಳಸಿದ್ದು ಮೂರು ಬಗೆ. ಮೊದಲಿನದು 400 ರೂಪಾಯಿ ಆಸುಪಾಸಿನ ಸಾದಾ ಕ್ವಿಕ್ ಡೀಟೇಲರ್, ಅಂದರೆ ಹೊಡೆದು ಒರೆಸುವ ಹೊಳಪಿನ ಸ್ಪ್ರೇ. ಆಮೇಲೆ ಅದರ ನಾಲ್ಕು ಪಟ್ಟು ಬೆಲೆಯ, ನೀರು ಅಂಟದಂಥ ಪದರ ಬಿಡುವ ಸೆರಾಮಿಕ್ ಸ್ಪ್ರೇ. ಈಗ ಹೆಚ್ಚಾಗಿ ಕೈಗೆ ಬರುವುದು ರಿನ್ಸ್‌ಲೆಸ್ ವಾಶ್ ದ್ರಾವಣ, ಅಂದರೆ ಮತ್ತೆ ನೀರಲ್ಲಿ ಜಾಲಿಸಬೇಕಿಲ್ಲದ ಕಾರ್ ವಾಶ್. ಲೀಟರ್ ನೀರಿಗೆ 15 ಮಿಲಿ ಹಾಕಿ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳುತ್ತೇನೆ. ಜಾರುವುದರಲ್ಲಿ ಮೂರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲೆಕ್ಕಕ್ಕೆ ಕೂತರೆ ಮೂರನೆಯದು ನೀರಿಗಿಂತ ಸ್ವಲ್ಪವೇ ದುಬಾರಿ.

ಸೆರಾಮಿಕ್ ಸ್ಪ್ರೇ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಜಾಹೀರಾತೆಲ್ಲ ಅದರದ್ದೇ. ನೀರು ಮುತ್ತಿನಂತೆ ಗುಂಡಗಾಗಿ ನಿಲ್ಲುವ ವಿಡಿಯೊ ನೋಡಿ ಮರುಳಾಗದವರು ಕಡಿಮೆ. ಬಾಗಿಲಿನ ಮೇಲೆ ಆ ಹನಿಗಳು ಉರುಳಿ ಹೋಗುತ್ತವೆ, ಅಲ್ಲಿ ಅದು ವರವೇ. ಬಾನೆಟ್, ರೂಫ್, ಡಿಕ್ಕಿ ಮೇಲೆ ಮಾತ್ರ ಹನಿ ಉಬ್ಬಿಕೊಂಡು ಅಲ್ಲೇ ಕೂರುತ್ತದೆ. ಬೋರ್‌ವೆಲ್ ನೀರಾದರೆ, ಹತ್ತು ನಿಮಿಷ ಬಿಸಿಲು ಬಿದ್ದರೆ ಸಾಕು, ಹರಡಿಕೊಂಡಿದ್ದ ಲವಣವೆಲ್ಲ ಆ ಒಂದೊಂದು ಹನಿಯ ಬುಡಕ್ಕೇ ಇಳಿಯುತ್ತದೆ. ಕಲೆ ಕಡಿಮೆಯಾಗಲಿ ಎಂದು ಹಾಕಿದ ಕೋಟಿಂಗ್ ಕಲೆಯನ್ನು ಗಟ್ಟಿ ಮಾಡುತ್ತದೆ. ಅದನ್ನು ಪ್ರತಿ ವಾರ ಹೊಡೆಯುವ ಅಗತ್ಯವೂ ಇಲ್ಲ; ಎರಡು ಮೂರು ತಿಂಗಳಿಗೊಮ್ಮೆ ಧಾರಾಳ. ಒರೆಸಲು ಸಲೀಸಾಗಲಿ ಎಂಬ ಒಂದೇ ಕಾರಣಕ್ಕೆ ಅದನ್ನು ಖರ್ಚು ಮಾಡಲು ನನಗಂತೂ ಮನಸ್ಸು ಬರುವುದಿಲ್ಲ.

ಇನ್ನೊಂದು ವಿಷಯವನ್ನು ಮಾರುವವರು ಹೇಳುವುದಿಲ್ಲ: ಯಾವ ಸ್ಪ್ರೇಯೂ ಆರಿ ಕೂತ ಲವಣವನ್ನು ತೆಗೆಯುವುದಿಲ್ಲ. ಹೊಸ ಕಲೆಯಾದರೆ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಮೆಲ್ಲಗೆ ಒರೆಸಿ, ತಕ್ಷಣ ತೊಳೆಯಬೇಕು. ಹಳೆಯದು ಕ್ಲಿಯರ್ ಕೋಟಿಗೇ ಇಳಿದಿದ್ದರೆ ಪಾಲಿಶ್‌ವರೆಗೂ ಹೋಗಬೇಕಾಗುತ್ತದೆ. ಅದಕ್ಕಿಂತ ಕೊನೆಯ ಬಕೆಟ್ ನೀರು ಬದಲಿಸುವುದು ಸುಲಭ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯ ಒಂದು ರಾತ್ರಿಗೆ ಅರ್ಧ ಬಕೆಟ್ ಸಿಗುತ್ತದೆ, ಕಾರಿನ ಮೇಲ್ಭಾಗಕ್ಕೆ ಅಷ್ಟು ಸಾಕು. ಹಿಡಿದಿಟ್ಟ ಮಳೆನೀರೂ ಆಗುತ್ತದೆ. ಆರ್‌ಒ ಫಿಲ್ಟರಿನ ವೇಸ್ಟ್ ನೀರನ್ನು ಮಾತ್ರ ಕೊನೆಗೆ ಸುರಿಯಬೇಡಿ. ಫಿಲ್ಟರ್ ಬೇಡವೆಂದು ಬಿಟ್ಟ ಲವಣವೆಲ್ಲ ಅದರಲ್ಲೇ ಇರುತ್ತದೆ. ಚಕ್ರಕ್ಕೆ, ಮ್ಯಾಟ್‌ಗೆ ಬಳಸಿ.

2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದಾಗ ನಮ್ಮ ಅಸೋಸಿಯೇಷನ್‌ನವರು ಪೈಪನ್ನೇ ಬಿಚ್ಚಿಟ್ಟರು. ನಾನು ರಿನ್ಸ್‌ಲೆಸ್ ದ್ರಾವಣ ತರಿಸಿದ್ದು ಆಗಲೇ. ತೊಳೆಯುವುದಕ್ಕಾದರೆ ಅದರ ಒಂದು ಪಾಲಿಗೆ 256 ಪಾಲು ನೀರು ಬೆರೆಸಿದರೆ ಅರ್ಧ ಬಕೆಟ್ಟಿನಲ್ಲಿ ಇಡೀ ಕಾರು ಮುಗಿಯುತ್ತದೆ, ಮತ್ತೆ ಜಾಲಿಸುವ ಕೆಲಸವೂ ಇಲ್ಲ. ಮಳೆಗಾಲದ ಕೆಸರು ಮೆತ್ತಿದ್ದರೆ ಮಾತ್ರ ಇದು ನಡೆಯದು, ಮೊದಲು ನೀರಲ್ಲಿ ಕೆಸರು ಇಳಿಸಲೇಬೇಕು.

ಬಳಸುವವರು ಕೆಲವು ಕಡೆ ಎಚ್ಚರವಾಗಿರಬೇಕು. ಬಿಸಿ ಬಾನೆಟ್ ಮೇಲೆ ಹೊಡೆದರೆ ಪಟ್ಟೆ ಪಟ್ಟೆಯಾಗುತ್ತದೆ, ನೆರಳು ಬೇಕು. ಹೆಚ್ಚು ಹೊಡೆದರೂ ಅದೇ ಪಾಡು, ಕರಾವಳಿಯ ತೇವದ ಗಾಳಿಯಲ್ಲಂತೂ ಅದು ಬೇಗ ಆರುವುದೇ ಇಲ್ಲ. ಮುಂದಿನ ಗಾಜಿಗೆ ಬಿದ್ದರೆ ರಾತ್ರಿ ಮಳೆಯಲ್ಲಿ ವೈಪರ್ ಮಸುಕು ಬಳಿಯುತ್ತದೆ. ಬ್ರೇಕ್ ಡಿಸ್ಕ್ ಹತ್ತಿರ ಬೇಡವೇ ಬೇಡ. ಟವೆಲನ್ನು ಫ್ಯಾಬ್ರಿಕ್ ಕಂಡೀಷನರ್‌ನಲ್ಲಿ ನೆನೆಸಿದರೆ ನೀರು ಹೀರುವುದನ್ನೇ ಬಿಡುತ್ತದೆ. ಸೆರಾಮಿಕ್ ಸ್ಪ್ರೇಗೆ ಬಳಸಿದ್ದೂ ಕ್ರಮೇಣ ಹಾಗೇ ಆಗುವುದರಿಂದ ಅದಕ್ಕೆ ಬೇರೆ ಟವೆಲ್ ಇಟ್ಟುಕೊಳ್ಳಿ. ಇನ್ನು ಬೇಸ್‌ಮೆಂಟಿನಲ್ಲಿ ದಿನಾ ಬೆಳಗ್ಗೆ ಒಂದೇ ಬಟ್ಟೆಯಲ್ಲಿ ಇಪ್ಪತ್ತು ಕಾರು ಒರೆಸುವ ವ್ಯವಸ್ಥೆ ನಿಮ್ಮಲ್ಲೂ ಇದ್ದರೆ, ಅದನ್ನು ನಿಲ್ಲಿಸದೆ ಸ್ಪ್ರೇ ಕೊಂಡು ಫಲವಿಲ್ಲ.

ಮೈಸೂರಿನ ಭಾವನವರಿಗೆ ಬೇಡವೆಂದೇ ಹೇಳಿದ್ದೆ. ಅವರದು ಬಿಳಿ ಕಾರು, ನಲ್ಲಿಯಲ್ಲಿ ಕಾವೇರಿ ನೀರು. ಒಳ್ಳೆಯ ಟವೆಲ್ ಒಂದಿದ್ದರೆ ಸಾಕು. ಆದರೂ ನನ್ನ ಅರ್ಧ ಬಾಟಲಿ ಕ್ವಿಕ್ ಡೀಟೇಲರ್ ಎತ್ತಿಕೊಂಡು ಹೋದರು. ಈಗ ಅದರಲ್ಲಿ ಸ್ಕೂಟರ್ ಒರೆಸುತ್ತಾರಂತೆ. ಅದಕ್ಕೂ ಆಗುತ್ತದೆ, ಸೀಟಿಗೆ, ಟೈರಿಗೆ ಮಾತ್ರ ತಾಗಬಾರದು.