ತುರುಪು ಗಟ್ಟಿ ಇದ್ದಾಗ ಸ್ಲ್ಯಾಮ್‌ಗೆ ಯಾವ ದಾರಿ? ಐದೂ ಆಡಿ ನೋಡಿದ ಮೇಲೆ

ಬ್ರಿಡ್ಜ್ ಆಟ. ಸ್ಲ್ಯಾಮ್ ಅಂದರೆ 13 ಟ್ರಿಕ್‌ನಲ್ಲಿ (ಪಟ್ಟಿನಲ್ಲಿ) 12 ಅಥವಾ ಎಲ್ಲವನ್ನೂ ತೆಗೆಯುತ್ತೇವೆ ಅಂತ ಬಿಡ್ ಮಾಡುವುದು, ಅಂದರೆ ಕೂಗುವುದು. ಪಾರ್ಟ್ನರ್ 1 ಸ್ಪೇಡ್ ಅಂದಿದ್ದಾರೆ. ನಿಮ್ಮ ಕೈಯಲ್ಲಿ ನಾಲ್ಕು ಒಳ್ಳೆ ಸ್ಪೇಡ್ ಇವೆ, ಪಾಯಿಂಟೂ ಇವೆ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1). ತಕ್ಷಣ 4 ನೋ ಟ್ರಂಪ್ ಅಂತ ಎಕ್ಕ ಎಣಿಸೋಕೆ ಹೊರಡಬೇಡಿ. ಈ ಜಾಗದಲ್ಲಿ ಬ್ಲ್ಯಾಕ್‌ವುಡ್ (4 ನೋ ಟ್ರಂಪ್ ಅಂದು ಎಕ್ಕ ಎಷ್ಟು ಅಂತ ಕೇಳುವುದು), ಕೀ ಕಾರ್ಡ್ (ಅದರಲ್ಲೇ ತುರುಪಿನ ರಾಜನನ್ನೂ ಎಣಿಸುವುದು), ಸ್ಪ್ಲಿಂಟರ್ (ಒಂಟಿ ಎಲೆ ತೋರಿಸುವ ಬಿಡ್), ಜೇಕಬಿ 2 ನೋ ಟ್ರಂಪ್ (ತುರುಪು ಬೆಂಬಲ ತೋರಿಸಿ ಪಾರ್ಟ್ನರ್ ಕೈ ಕೇಳುವುದು), ಕ್ಯೂ ಬಿಡ್ (ಒಂದು ಸೂಟಿನಲ್ಲಿ ಎಕ್ಕ, ರಾಜನಂಥ ತಡೆ ತೋರಿಸುವುದು) ಐದನ್ನೂ ನಾನೂ ನಮ್ಮ ಭಾವನೂ ಆಡಿ ನೋಡಿದ್ದೇವೆ. ಮಧ್ಯಾಹ್ನ ಮಲ್ಲೇಶ್ವರದಲ್ಲಿ ಆಟ. ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿದರೆ ಜಯನಗರದಲ್ಲಿ ಇಳಿಯುವವರೆಗೂ ಆ ದಿನದ ಎಲೆಗಳ ಮೇಲೆ ವಾದ. ರಾತ್ರಿ ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ಇಂಥ ಕೈಗಳೇ ಬರುವ ಹಾಗೆ ಷರತ್ತು ಹಾಕಿ, ಸುಮ್ನೆ ಬಿಡ್ ಮಾತ್ರ ಮಾಡುತ್ತಿದ್ದೆವು.

ನನ್ನ ತೀರ್ಪು ಸ್ಪ್ಲಿಂಟರ್ ಕಡೆಗೆ. ಯಾಕೆ ಅನ್ನೋದಕ್ಕೆ ಒಂದು ಕೈ ನೋಡಿ.

ನನ್ನ ಕೈ: ಸ್ಪೇಡ್ ರಾಜ, ಗುಲಾಮ, 8, 4, ಹಾರ್ಟ್ ಎಕ್ಕ, 7, 5, 2, ಡೈಮಂಡ್ ರಾಜ, 9, 6, 3, ಕ್ಲಬ್ ಒಂಟಿ 4. ಒಟ್ಟು 11 ಪಾಯಿಂಟ್.

ಭಾವನ ಕೈ ಹೀಗಿರಬಹುದು: ಸ್ಪೇಡ್ ಎಕ್ಕ, ರಾಣಿ, 10, 6, 3, ಹಾರ್ಟ್ ರಾಜ, 8, ಡೈಮಂಡ್ ಎಕ್ಕ, ರಾಣಿ, 5, ಕ್ಲಬ್ 8, 7, 2. ಇದು 15.

ಇಲ್ಲವೇ ಹೀಗೂ ಇರಬಹುದು: ಅದೇ ಸ್ಪೇಡ್‌ಗಳು, ಹಾರ್ಟ್ 8, 6, ಡೈಮಂಡ್ ಎಕ್ಕ, 5, 2, ಕ್ಲಬ್ ರಾಜ, ರಾಣಿ, ಗುಲಾಮ. ಇದು 16.

ಎರಡರಲ್ಲೂ ಎಕ್ಕಗಳ ಪೈಕಿ ನಮಗೆ ಇಲ್ಲದಿರುವುದು ಕ್ಲಬ್ ಎಕ್ಕ ಒಂದೇ. ಬ್ಲ್ಯಾಕ್‌ವುಡ್ ಕೇಳಿದರೂ ಕೀ ಕಾರ್ಡ್ ಕೇಳಿದರೂ ಎರಡು ಕೈಗೂ ಒಂದೇ ಉತ್ತರ. ಆದರೆ ಮೊದಲನೆಯದರಲ್ಲಿ 12 ಟ್ರಿಕ್ ಸಲೀಸು. ಭಾವನ ಐದು ತುರುಪು, ನನ್ನ ಕಡೆ ಕ್ಲಬ್‌ಗೆ ಎರಡು ತುರುಪು ಹೊಡೆತ, ಹಾರ್ಟ್ ಎರಡು, ಡೈಮಂಡ್ ಮೂರು. ಎರಡನೆಯದರಲ್ಲಿ ಒಂದು ಪಾಯಿಂಟ್ ಜಾಸ್ತಿ ಇದ್ದೂ 11ಕ್ಕೆ ನಿಂತುಹೋಗುತ್ತದೆ. ಕ್ಲಬ್ ಒಂದು ಹೋಯಿತು, ಹಾರ್ಟ್ ಒಂದು ಹೋಯಿತು. ಭಾವನ ಕ್ಲಬ್ ರಾಜ, ರಾಣಿ, ಗುಲಾಮ ಮೂರೂ ನನ್ನ ಒಂಟಿ ಎಲೆಯ ಎದುರು ಕೂತಿವೆ. ಆ ಆರು ಪಾಯಿಂಟಿನಲ್ಲಿ ಹೆಚ್ಚಿನದು ದಂಡ.

ಸ್ಪ್ಲಿಂಟರ್ ಹಿಡಿಯುವುದು ಇದನ್ನೇ. 1 ಸ್ಪೇಡ್‌ಗೆ ನಾನು ನೇರವಾಗಿ 4 ಕ್ಲಬ್ ಅನ್ನುತ್ತೇನೆ. ನಾಲ್ಕು ತುರುಪು ಇವೆ, ಗೇಮ್‌ಗೆ (4 ಸ್ಪೇಡ್, ಅಂದರೆ 10 ಟ್ರಿಕ್) ಸಾಲುವಷ್ಟು ಶಕ್ತಿ ಇದೆ, ಕ್ಲಬ್ ಒಂದೇ ಎಲೆ ಅಥವಾ ಒಂದೂ ಇಲ್ಲ ಅಂತ ಅರ್ಥ. ಮೂರು ಸಣ್ಣ ಕ್ಲಬ್ ಇರುವವರಿಗೆ ಖುಷಿ. 4 ಡೈಮಂಡ್ ಅಂತಾರೆ, ನಾನು 4 ಹಾರ್ಟ್ (ಎರಡೂ ಕ್ಯೂ ಬಿಡ್), ಆಮೇಲೆ ಅವರು 4 ನೋ ಟ್ರಂಪ್, ನಾನು 5 ಹಾರ್ಟ್, ಅವರು 6 ಸ್ಪೇಡ್. ರಾಜ ರಾಣಿ ಹಿಡಿದು ಕೂತವರು 4 ಸ್ಪೇಡ್ ಅಂದು ಸುಮ್ಮನಾಗುತ್ತಾರೆ.

ಇದರಲ್ಲಿ ತೊಂದರೆ ಇಲ್ಲ ಅಂತಲ್ಲ. 4 ಸ್ಪೇಡ್‌ನಲ್ಲೇ ನಿಂತರೆ ಎದುರಾಳಿಗಳಿಗೆ ನಮ್ಮ ಗುಟ್ಟೆಲ್ಲ ಗೊತ್ತು. ಮೊದಲ ಎಲೆಗೇ ತುರುಪು ಆಡಿ ನನ್ನ ಹೊಡೆತ ಕಡಿಮೆ ಮಾಡುತ್ತಾರೆ. ನನ್ನ 4 ಕ್ಲಬ್‌ಗೆ ಡಬಲ್ ಕೊಟ್ಟು ತಮ್ಮ ಪಾರ್ಟ್ನರ್‌ಗೆ ಯಾವ ಎಲೆ ಆಡಬೇಕು ಅಂತ ದಾರಿ ತೋರಿಸುವ ಎದುರಾಳಿಗಳೂ ಇದ್ದಾರೆ. ಇನ್ನೊಂದು, ಶಕ್ತಿಯ ಮಿತಿ ಬಿಗಿಯಾಗಿರಬೇಕು. ನಮ್ಮದು 10ರಿಂದ 13. ಒಂಟಿ ಎಲೆ ಎಕ್ಕನೋ ರಾಜನೋ ಆಗಿದ್ದರೆ ನಾವು ಸ್ಪ್ಲಿಂಟರ್ ಮಾಡುವುದಿಲ್ಲ. ಎದುರಿನವರ ಲೆಕ್ಕವೇ ತಪ್ಪಿಹೋಗುತ್ತದೆ.

ಬ್ಲ್ಯಾಕ್‌ವುಡ್ 1933ರದ್ದು. ಈಸ್ಲಿ ಬ್ಲ್ಯಾಕ್‌ವುಡ್ ಅನ್ನುವ ಅಮೆರಿಕದ ಆಟಗಾರ ಹೊಳೆಯಿಸಿಕೊಂಡದ್ದು. ಎಕ್ಕ ಎಷ್ಟು ಅಂತ ಮಾತ್ರ ಹೇಳುತ್ತದೆ, ಯಾವುದು ಅಂತ ಹೇಳುವುದಿಲ್ಲ. ಒಂದು ಸೂಟೇ ಇಲ್ಲದ ಕೈಯಿಂದ ಕೇಳಿದರೆ ಉತ್ತರ ಬಂದ ಮೇಲೂ ಪೆದ್ದನ ಹಾಗೆ ಕೂರಬೇಕು. ತುರುಪು ಬೆಂಬಲ ಇರುವಾಗ ಹಳೆ ಬ್ಲ್ಯಾಕ್‌ವುಡ್ ಇಟ್ಟುಕೊಳ್ಳಲು ನನಗೆ ಒಂದೂ ಕಾರಣ ಕಾಣುತ್ತಿಲ್ಲ. ಕೀ ಕಾರ್ಡ್ ಬಂದು ಅದರ ಕೆಲಸ ಮುಗಿಸಿದೆ.

ಕೀ ಕಾರ್ಡ್‌ನಲ್ಲಿ ತುರುಪಿನ ರಾಜನೂ ಲೆಕ್ಕಕ್ಕೆ ಬರುತ್ತಾನೆ, ಒಟ್ಟು ಐದು. ತುರುಪು ರಾಣಿಯನ್ನೂ ಕೇಳಬಹುದು. ಇಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಉಪಾಯ ಇದೆ. ಇಬ್ಬರಿಗೂ ಸೇರಿ 9 ತುರುಪು ಇದ್ದು ರಾಣಿ ಇಲ್ಲದಿದ್ದರೆ, ಎಕ್ಕ ರಾಜ ಆಡಿದಾಗ ರಾಣಿ ಬೀಳುವ ಸಾಧ್ಯತೆ ಸುಮಾರು 53%. 10 ತುರುಪು ಇದ್ದರೆ ಅದೇ 78%. ಹಾಗಾಗಿ ಐದು ತುರುಪಿನ ಬೆಂಬಲ ಇರುವವರು ರಾಣಿ ಇಲ್ಲದೆಯೂ ಇದೆ ಅಂತ ಹೇಳಬಹುದು. ನಾವು ಹೇಳುತ್ತೇವೆ.

ಕೀ ಕಾರ್ಡ್ ಉತ್ತರಕ್ಕೆ 1430ನೋ 3014ನೋ ಅಂತ ಗುದ್ದಾಡುವವರಿದ್ದಾರೆ. 1430ರಲ್ಲಿ 5 ಕ್ಲಬ್ ಅಂದರೆ 1 ಅಥವಾ 4, 5 ಡೈಮಂಡ್ ಅಂದರೆ 3 ಅಥವಾ 0; 3014ರಲ್ಲಿ ಅದಲು ಬದಲು. ಸ್ಪೇಡ್ ತುರುಪಾದರೆ ಅಷ್ಟೇನೂ ವ್ಯತ್ಯಾಸ ಇಲ್ಲ. ಹಾರ್ಟ್ ತುರುಪಾದಾಗ 1430 ಮೇಲು. ಒಂದು ಕೀ ಕಾರ್ಡ್ ಇದ್ದರೆ ಉತ್ತರ 5 ಕ್ಲಬ್. ರಾಣಿ ಕೇಳೋಕೆ 5 ಡೈಮಂಡ್ ಉಳಿದಿರುತ್ತದೆ. 3014ರಲ್ಲಿ ಆ ಉತ್ತರವೇ 5 ಡೈಮಂಡ್, 5 ಹಾರ್ಟ್ ದಾಟದೆ ಮುಂದೆ ಕೇಳೋಕೆ ಜಾಗ ಇಲ್ಲ. ಅಂದ ಹಾಗೆ, ವಲ್ನರಬಲ್ (ಗೆದ್ದರೆ ಅಂಕ, ಸೋತರೆ ದಂಡ ಎರಡೂ ಹೆಚ್ಚಿರುವ ಸ್ಥಿತಿ) ಇದ್ದು 6 ಸ್ಪೇಡ್ ಮಾಡಿದರೆ ಬರುವ ಅಂಕವೂ 1430. ಗೇಮ್‌ನಲ್ಲೇ ನಿಂತು ಅಷ್ಟೇ ಟ್ರಿಕ್ ತೆಗೆದರೆ 680.

ಒಂಟಿ ಎಲೆ ಇಲ್ಲದ ಸಪಾಟು ಕೈಗೆ ಜೇಕಬಿ 2 ನೋ ಟ್ರಂಪ್. ಓಪನ್ ಮಾಡಿದವರು ತಮ್ಮ ಒಂಟಿ ಎಲೆ ಎಲ್ಲಿದೆ ಅಂತ 3ನೇ ಮಟ್ಟದಲ್ಲೇ ಹೇಳಿಬಿಡುತ್ತಾರೆ. ಸ್ಪ್ಲಿಂಟರ್‌ಗಿಂತ ಜಾಗ ಉಳಿಯುತ್ತದೆ. ನಮಗೆ ಇದು ಒಗ್ಗಲು ತಡವಾಯಿತು. 2 ನೋ ಟ್ರಂಪ್ ಅಂದರೆ 11-12ರ ಸಪಾಟು ಕೈ ಅಂತ ಕಲಿತವರಿಗೆ ನಾಲಿಗೆ ತಿರುಗುವುದಿಲ್ಲ. ಹೊಸ ಪಾರ್ಟ್ನರ್ ಜೊತೆ ಕೂತರೆ ಮೊದಲು ಇದನ್ನೇ ಕೇಳಿಕೊಳ್ಳಿ.

ಆದರೆ ಜೇಕಬಿ ಒಂದೇ ಸಾಲದು. ಭಾವನ ಕೈ: ಸ್ಪೇಡ್ ಎಕ್ಕ, ರಾಜ, ಗುಲಾಮ, 7, 5, ಹಾರ್ಟ್ ರಾಜ, ರಾಣಿ, ಗುಲಾಮ, ಡೈಮಂಡ್ 8, 4, ಕ್ಲಬ್ ರಾಜ, ರಾಣಿ, 6. ನನ್ನದು: ಸ್ಪೇಡ್ ರಾಣಿ, 10, 6, 2, ಹಾರ್ಟ್ ಎಕ್ಕ, 9, 4, ಡೈಮಂಡ್ ರಾಣಿ, 7, 3, ಕ್ಲಬ್ ಎಕ್ಕ, ಗುಲಾಮ, 5. ಇಬ್ಬರದ್ದೂ ಸೇರಿ 32 ಪಾಯಿಂಟ್! ಇಲ್ಲದಿರುವುದು ಒಂದೇ ಎಕ್ಕ. ಕೀ ಕಾರ್ಡ್ ಕೇಳಿದವರು 6 ಸ್ಪೇಡ್‌ಗೆ ಹೋಗಿ ಡೈಮಂಡ್ ಎಕ್ಕ, ರಾಜ ಎರಡನ್ನೂ ಕೊಟ್ಟು ಬರುತ್ತಾರೆ. ಮೇಲಿನ ಕೈಯಲ್ಲಿ 26ಕ್ಕೆ ಆದದ್ದು ಇಲ್ಲಿ 32ಕ್ಕೂ ಆಗುವುದಿಲ್ಲ.

ಇಲ್ಲಿ ಉಳಿಸುವುದು ಕ್ಯೂ ಬಿಡ್. 2 ನೋ ಟ್ರಂಪ್‌ಗೆ ಭಾವ 3 ಸ್ಪೇಡ್ ಅಂದರು, ಅಂದರೆ ಒಂಟಿ ಎಲೆ ಇಲ್ಲ, ಕೈ ಬಲವಾಗಿದೆ. ನಾನು 4 ಕ್ಲಬ್, ಇಲ್ಲಿ ಇದು ಸ್ಪ್ಲಿಂಟರ್ ಅಲ್ಲ, ಕ್ಲಬ್ ಎಕ್ಕ ತೋರಿಸುವ ಕ್ಯೂ ಬಿಡ್. ಅವರು ಡೈಮಂಡ್ ದಾಟಿ 4 ಹಾರ್ಟ್. ದಾಟಿದರು ಅಂದರೆ ಡೈಮಂಡ್‌ನಲ್ಲಿ ತಡೆ ಇಲ್ಲ. ನನ್ನಲ್ಲೂ ಇಲ್ಲ. 4 ಸ್ಪೇಡ್, ಮುಗೀತು.

ಕ್ಯೂ ಬಿಡ್‌ನಲ್ಲಿ ಮೊದಲು ಎಕ್ಕ ಮಾತ್ರ ತೋರಿಸಬೇಕು ಅಂತ ಭಾವನ ವಾದ. "ನೀನು ರಾಜ ಇಟ್ಕೊಂಡು ಬಿಡ್ ಮಾಡಿದ್ರೆ ನಾನು ಎಕ್ಕ ಅಂದ್ಕೊಳ್ಳಲ್ವೇನೋ?" ಅಂತಾರೆ. ಎಕ್ಕನೋ ರಾಜನೋ, ಕೆಳಗಿನ ತಡೆ ಮೊದಲು ಅನ್ನೋದು ನನ್ನ ಪಕ್ಷ. ಮೇಲಿನ ಕೈಯನ್ನೇ ತಗೊಳ್ಳಿ ಭಾವ, ನಿಮ್ಮ ರೀತಿಯಲ್ಲಾದರೆ ಆ ಹಾರ್ಟ್ ರಾಜನನ್ನು ನೀವು ತೋರಿಸುವ ಹಾಗೇ ಇಲ್ಲ, ಡೈಮಂಡ್ ದಾಟಿದ್ದು ನನಗೆ ತಿಳಿಯುವುದೂ ಇಲ್ಲ ಅಂತ ಹೇಳುತ್ತೇನೆ. ಎಕ್ಕ ಎಷ್ಟು ಅಂತ ಆಮೇಲೆ ಕೇಳೋಕೆ ಕೀ ಕಾರ್ಡ್ ಹೇಗೂ ಇದೆ. ಅವರು ಇನ್ನೂ ಒಪ್ಪಿಲ್ಲ. ನಮ್ಮ ಬಿಡ್‌ಗಳ ಅರ್ಥ ಬರೆದಿಡುವ ಕನ್ವೆನ್ಶನ್ ಕಾರ್ಡಿನಲ್ಲಿ ಸದ್ಯಕ್ಕೆ ನನ್ನ ರೀತಿಯೇ ಇದೆ. ತುಂಬಿಸಿದ್ದು ನಾನೇ ಅಲ್ವಾ.